ನಡುವೆ ಗಾಜಿತ್ತು

ಸಾಕ್ಷಿಯಣ್ಣನಿಗೆ ಆ ಹೆಸರು ಬಂದದ್ದು ಕಾಲು ಜೋಮು ಹಿಡಿದದ್ದರಿಂದ. ಇದು ಅವನೊಬ್ಬನಿಗೇ ಗೊತ್ತಿದ್ದ ಸಂಗತಿ. ಈಗ ನಿಮಗೂ ಗೊತ್ತಾಯಿತು. ದಯವಿಟ್ಟು ಅವನ ಹೆಂಡತಿಗೆ ಮಾತ್ರ ಹೇಳಬೇಡಿ, ಅದಕ್ಕಿನ್ನೂ ಹೊತ್ತಿದೆ.

ಅವನು ಟೀವಿ ರಿಪೇರಿಯವನು. ಆ ಭಾನುವಾರ ಚರ್ಚಿನ ಸಭೆಗೆ ಹೊರಗಿನಿಂದ ಒಬ್ಬ ಪ್ರಸಂಗಿ ಬಂದಿದ್ದರು. ಅವರ ಗಂಟಲು ದೊಡ್ಡದು, ಪ್ರಸಂಗ ಅದಕ್ಕಿಂತ ದೊಡ್ಡದು. ಸಿನಿಮಾ, ಧಾರಾವಾಹಿ, ಹಾಡು, ಇಸ್ಪೀಟು ಎಲ್ಲವನ್ನೂ ಒಂದೇ ಮೂಟೆ ಕಟ್ಟಿ, ಅದಕ್ಕೆ 'ಲೋಕ' ಎಂದು ಹೆಸರಿಟ್ಟು, ನರಕದ ಬಾಗಿಲವರೆಗೂ ಹೊತ್ತುಕೊಂಡು ಹೋಗಿ ಇಳಿಸಿದರು. ಅಷ್ಟು ದೂರದ ಪ್ರಯಾಣದಲ್ಲಿ ಕಾಲ ಮೇಲೆ ಕಾಲು ಹಾಕಿ ಕೂತಿದ್ದ ನಮ್ಮವನ ಬಲಗಾಲು ಮರಗಟ್ಟಿಹೋಗಿತ್ತು. ಸ್ವಲ್ಪ ರಕ್ತ ಓಡಾಡಲಿ ಎಂದು ಅವನು ಎದ್ದು ನಿಂತದ್ದಕ್ಕೂ, "ಇವತ್ತಿನಿಂದ ಲೋಕದ ಮನರಂಜನೆ ಬಿಡುವವರು ಎದ್ದು ನಿಲ್ಲಲಿ" ಎಂದು ಪ್ರಸಂಗಿಗಳು ಕಣ್ಣು ಮುಚ್ಚಿ ಕರೆ ಕೊಟ್ಟದ್ದಕ್ಕೂ ಸರಿಹೋಯಿತು. ಪ್ರಸಂಗಿಗಳು ಕಣ್ಣು ಬಿಟ್ಟಾಗ ಇಡೀ ಸಭೆಯಲ್ಲಿ ನಿಂತಿದ್ದವನು ಒಬ್ಬನೇ. ಅದೂ ಟೀವಿ ರಿಪೇರಿಯವನು.

ತಕ್ಷಣ ಕೂತುಬಿಡಬಹುದಿತ್ತಲ್ಲ ಎಂದು ನೀವು ಕೇಳಬಹುದು. ಜೋಮು ಹಿಡಿದ ಕಾಲು ನಿಮಗೆ ಗೊತ್ತಿಲ್ಲವೆಂದಾಯಿತು. ಅದು ನಿಲ್ಲಲೂ ಬಿಡದು, ಕೂರಲೂ ಬಿಡದು. ಅವನ ಮುಖದ ಸಂಕಟವನ್ನು ಪ್ರಸಂಗಿಗಳು ಪಶ್ಚಾತ್ತಾಪವೆಂದು ತಿಳಿದು ಮುಂದಕ್ಕೆ ಕರೆದರು. ಅವನು ಕುಂಟುತ್ತ ಹೋದ. ಅದನ್ನು ಸಭೆಯವರು ದೀನತೆ ಎಂದುಕೊಂಡರು. ಕೈಗೆ ಮೈಕು ಕೊಟ್ಟು, ಮನಸ್ಸು ಹೇಗೆ ತಿರುಗಿತೆಂದು ಎಲ್ಲರೆದುರು ಸಾಕ್ಷಿ ಹೇಳಪ್ಪ ಎಂದರು.

ಜೀವಮಾನವೆಲ್ಲ ಬೇರೆಯವರ ಮೈಕಿಗೆ ತಂತಿ ಜೋಡಿಸಿಕೊಟ್ಟವನ ಕೈಗೆ ಅಂದು ಮೊದಲ ಸಲ ಮೈಕೇ ಬಂದಿತ್ತು. ಮನುಷ್ಯ ಕೆಡುವುದು ಇಂಥ ಹೊತ್ತಿನಲ್ಲೇ. "ಟೀವಿ ನನ್ನ ಕಸುಬು, ಅದನ್ನ ಬಿಡೋಕೆ ಆಗಲ್ಲ" ಎಂದ. "ಆದ್ರೆ ಇವತ್ತಿಂದ ನಾನು ಟೀವಿ ನೋಡ್ತೀನೇ ಹೊರತು ಟೀವಿಯಲ್ಲಿ ಬರೋದನ್ನ ನೋಡಲ್ಲ. ಬಣ್ಣ ಸರಿಯಿದೆಯಾ ಅಂತ ನೋಡ್ತೀನಿ, ಯಾರ ಬಟ್ಟೆ ಬಣ್ಣ ಅಂತ ನೋಡಲ್ಲ. ಶಬ್ದ ಬರ್ತಿದೆಯಾ ಅಂತ ಕೇಳ್ತೀನಿ, ಏನು ಮಾತಾಡ್ತಿದ್ದಾರೆ ಅಂತ ಕೇಳಲ್ಲ."

ಸಭೆ ಗದ್ಗದವಾಯಿತು. ಅಂದಿನಿಂದ ಅವನು ಸಾಕ್ಷಿಯಣ್ಣ. ಅಂಗಡಿಯ ದಾರಿಯಲ್ಲಿ ಜನ ನಿಂತು ಕೈ ಕುಲುಕುವುದು, ಮಕ್ಕಳನ್ನು ಕರೆದು ತೋರಿಸುವುದು ಶುರುವಾಯಿತು. ಇಷ್ಟಕ್ಕೇ ನಿಂತಿದ್ದರೆ ನಾನು ಈ ಕಥೆ ಹೇಳುತ್ತಿರಲಿಲ್ಲ. ಅವನ ಹೆಂಡತಿ ಆ ಸಾಕ್ಷಿಯನ್ನು ನಂಬಿಬಿಟ್ಟಳು.

ಅವಳು ಮನೆಯಲ್ಲೇ ಹೊಲಿಗೆ ಮಾಡುವವಳು. ಶಾಲೆಯ ಸಮವಸ್ತ್ರ, ಕಿಟಕಿಯ ಪರದೆ, ದಿಂಬಿನ ಚೀಲ, ಯಾವುದು ಬಂದರೂ ಸರಿ. ಕಾಲಲ್ಲಿ ಯಂತ್ರ ತುಳಿಯುತ್ತ ಬಾಯಲ್ಲಿ ಹಳೆಯ ಸಿನಿಮಾ ಹಾಡು ಗುನುಗುವುದು ಅವಳ ಅಭ್ಯಾಸ. ಹಾಡು ವಿಳಂಬವಾದರೆ ಅಂಚು ಹೊಲಿಯುತ್ತಿದ್ದಾಳೆ ಎಂದೂ, ದ್ರುತವಾದರೆ ಉದ್ದದ ಪರದೆಗೆ ಕೈ ಹಾಕಿದ್ದಾಳೆ ಎಂದೂ ಬೀದಿಯಲ್ಲಿ ಹೋಗುವವರೂ ಹೇಳಬಹುದಿತ್ತು. ಸಾಕ್ಷಿಯ ದಿನ ಸಂಜೆ ಅವಳು ಮನೆಯ ಟೀವಿಯನ್ನು ಗೋಡೆಗೆ ಮುಖ ಮಾಡಿ ತಿರುಗಿಸಿದಳು. ಹೂವಿನ ಚಿತ್ರದ ಮೆತ್ತನೆಯ ಬಟ್ಟೆಯಲ್ಲಿ ಅದಕ್ಕೊಂದು ಗವಸು ಹೊಲಿದು ತೊಡಿಸಿದಳು. "ನೀವು ಅಷ್ಟು ದೊಡ್ಡದು ಬಿಟ್ರಿ, ನಾನು ಈ ಹಾಡು ಬಿಡೋಕಾಗಲ್ವಾ" ಎಂದು ಅವನ ಮುಖ ನೋಡಿ ಹೆಮ್ಮೆಯಿಂದ ನಕ್ಕಳು.

ಹಾಡು ನಿಂತಿತು. ಯಂತ್ರ ಮಾತ್ರ ಕಟಕಟ ಎನ್ನುತ್ತಿತ್ತು. ಊಟಕ್ಕೆ ಕೂತಾಗಲೆಲ್ಲ ಸಾಕ್ಷಿಯಣ್ಣನಿಗೆ ಮನೆಯಲ್ಲಿ ಯಾರೋ ಸತ್ತ ಹಾಗೆ ಅನಿಸುತ್ತಿತ್ತು. ನಿಜ ಹೇಳಿಬಿಡೋಣ ಎಂದು ದಿನಾ ಬಾಯಿ ತೆರೆಯುವನು, ಅದರೊಳಕ್ಕೆ ತುತ್ತು ಇಟ್ಟುಕೊಂಡು ಮುಚ್ಚುವನು.

ಅವನು ನಿಜವಾಗಿಯೂ ಟೀವಿ ಬಿಟ್ಟಿದ್ದನೆ ಎಂದರೆ, ಇಲ್ಲ. ಬಿಡಬೇಕೆಂದು ಪ್ರಯತ್ನಪಟ್ಟ. ಆದರೆ ಅಂಗಡಿಯ ಮೇಜಿನ ಮೇಲೆ ದಫೇದಾರರ ಟೀವಿ ಇತ್ತು. ದಫೇದಾರರು ಪೊಲೀಸಿನಿಂದ ನಿವೃತ್ತರಾದ ಸಭೆಯ ಹಿರಿಯರು. ಮನೆಯಲ್ಲಿ ಟೀವಿ ಇರುವುದು ವಾರ್ತೆಗೆ ಮಾತ್ರ ಎಂದು ಎದೆ ತಟ್ಟಿ ಹೇಳುವವರು. ಅದು ರಿಪೇರಿಯಾಗಿ ಬಹಳ ದಿನವಾಗಿತ್ತು. ಆದರೆ ರಿಪೇರಿಯಾದ ಟೀವಿಯನ್ನು ಒಂದಷ್ಟು ಓಡಿಸಿ ನೋಡಬೇಕಲ್ಲ? ಓಡಿಸಿ ನೋಡುವ ಹೊತ್ತಿಗೆ ಸಂಜೆಯ ಧಾರಾವಾಹಿ ಬಂದರೆ ಅದು ಅವನ ತಪ್ಪೆ? ಯಾರಾದರೂ ಒಳಗೆ ಬಂದರೆ ಇರಲಿ ಎಂದು ಕೈಯಲ್ಲೊಂದು ಬೆಸುಗೆ ಕಡ್ಡಿ ಹಿಡಿದು, ಹುಬ್ಬು ಗಂಟಿಕ್ಕಿ, ಬಣ್ಣವನ್ನು ಮಾತ್ರ ನೋಡುವವನಂತೆ ಕೂರುವನು. ಎರಡನೆಯ ದಿನಕ್ಕೇ ಆ ಬಣ್ಣದ ಹೆಸರು ಹಿರಿಸೊಸೆ ಎಂದು ಗೊತ್ತಾಯಿತು. ಆ ದೊಡ್ಡ ಮನೆಯಲ್ಲಿ ಅವಳು ಒಳ್ಳೆಯವಳು, ಉಳಿದವರಾರೂ ಅಲ್ಲ.

ದಫೇದಾರರು ಬಂದು ಬಂದು ಕೇಳುತ್ತಿದ್ದರು. "ಆಯ್ತೇನಪ್ಪ?"

"ಇಲ್ಲ ಸಾರ್, ಇನ್ನೂ ಗಮನಿಸ್ತಾ ಇದೀನಿ."

"ಏನು ಗಮನಿಸ್ತೀಯ ಇಷ್ಟು ದಿನ?"

"ಮಧ್ಯೆ ಮಧ್ಯೆ ಕಣ್ಣೀರು ಬರುತ್ತೆ ಸಾರ್" ಎಂದು ಬಾಯಿ ತಪ್ಪಿ ಹೇಳಿ, "ಅಂದ್ರೆ, ಪರದೆ ಮೇಲೆ ನೀರಿನ ಥರ ಗೆರೆ ಬರುತ್ತೆ" ಎಂದು ತಿದ್ದಿಕೊಳ್ಳುವನು.

ಹೀಗಿರುವಾಗ ಬುಧವಾರ ಬಂತು. ಬುಧವಾರ ಸಂಜೆ ಯಾರಾದರೊಬ್ಬರ ಮನೆಯಲ್ಲಿ ಪ್ರಾರ್ಥನಾ ಕೂಟ. ಅಂದು ಬೇಕರಿಯವರ ಮನೆ. ಸಾಕ್ಷಿಯಣ್ಣ ಅಂಗಡಿ ಮುಚ್ಚಿ ನೇರವಾಗಿ ಅಲ್ಲಿಗೆ ಬಂದವನು ಮೂಲೆಯಲ್ಲಿ ಕುಸಿದು ಕೂತ. ಮುಖದಲ್ಲಿ ರಕ್ತವಿರಲಿಲ್ಲ. ಪಾಸ್ಟರು ಗಮನಿಸಿದರು. ಅವರು ತೆಳ್ಳಗಿನ, ಮೆಲುದನಿಯ ಮನುಷ್ಯ. ಮನೆಯಲ್ಲಿ ಟೀವಿ ಇಲ್ಲ, ಇರಬೇಕೆಂದು ಹೊಳೆದದ್ದೂ ಇಲ್ಲ. ಯಾರು ಏನು ಹೇಳಿದರೂ ನಂಬುವುದು ಅವರ ಸ್ವಭಾವ.

"ಯಾಕಣ್ಣ ಮುಖ ಹೀಗಿದೆ? ಏನಾದ್ರೂ ಭಾರ ಇದ್ರೆ ಹೇಳು, ಎಲ್ಲ ಸೇರಿ ಹೊರೋಣ."

ಸಾಕ್ಷಿಯಣ್ಣನ ದೇಹ ಮಾತ್ರ ಬೇಕರಿಯವರ ಮನೆಯಲ್ಲಿತ್ತು. "ಹಿರಿಸೊಸೆ ಹಾಲು ಕುಡಿದುಬಿಟ್ಲು" ಎಂದ.

ಸರಕಾರಿ ಆಸ್ಪತ್ರೆಯ ನರ್ಸಮ್ಮ ಪಕ್ಕದಲ್ಲೇ ಕೂತಿದ್ದರು. "ಹಾಲು ಕುಡಿದ್ರೆ ಒಳ್ಳೇದೇ ಅಲ್ವಾ" ಎಂದರು.

"ಅದರಲ್ಲಿ ವಿಷ ಇತ್ತು."

ಅಷ್ಟು ಹೊತ್ತಿಗೆ ನಮ್ಮವನಿಗೂ ಎಚ್ಚರವಾಯಿತು. ಆದರೆ ಮಾತು ಬಾಯಿ ಬಿಟ್ಟು ಆಗಿತ್ತು, ಇಡೀ ಕೂಟ ಅವನತ್ತ ಬಗ್ಗಿತ್ತು, ಎದುರುಗಡೆ ಅವನ ಹೆಂಡತಿ ಬಾಯಿಗೆ ಕೈ ಅಡ್ಡ ಹಿಡಿದು ಕೂತಿದ್ದಳು. ಅದು ಧಾರಾವಾಹಿ ಎಂದರೆ ಸಾಕ್ಷಿ ಹೋಗುತ್ತದೆ. ಸಾಕ್ಷಿ ಹೋದರೆ ಅವಳ ಹೆಮ್ಮೆ ಹೋಗುತ್ತದೆ. ಒಂದು ಸುಳ್ಳನ್ನೂ ಹೇಳುವುದಿಲ್ಲ, ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡುತ್ತೇನೆ ಎಂದು ಅವನು ಅಲ್ಲೇ ತೀರ್ಮಾನಿಸಿಕೊಂಡ. ಇದಕ್ಕಿಂತ ಅಪಾಯದ ತೀರ್ಮಾನವನ್ನು ನಾನು ಕೇಳಿಲ್ಲ.

ದಫೇದಾರರ ಬೆನ್ನು ನೆಟ್ಟಗಾಗಿತ್ತು. ನಿವೃತ್ತಿಯಾದ ಮೇಲೆ ಅವರಿಗೆ ಸಿಕ್ಕ ಮೊದಲ ಅಪರಾಧ ಇದು. "ವಿಷ ಹಾಕಿದ್ದು ಯಾರು?"

"ನಾದಿನಿ. ಬೆನ್ನ ಹಿಂದೆ ಶೀಶೆ ಇಟ್ಕೊಂಡು ನಗ್ತಾ ಇದ್ಲು."

"ನೀನು ಕಣ್ಣಾರೆ ನೋಡಿದ್ಯಾ?"

"ಕಣ್ಣಾರೆ. ಅವಳ ಮುಖ ಇಷ್ಟು ಹತ್ತಿರ ಬಂತು."

"ಮತ್ತೆ ತಡೀಲಿಲ್ವಾ?"

"ಹೇಗೆ ತಡೀಲಿ ಸಾರ್" ಎಂದ ಸಾಕ್ಷಿಯಣ್ಣ, ನಿಜವಾದ ದುಃಖದಿಂದ. "ನಡುವೆ ಗಾಜಿತ್ತು."

"ಗಾಜಿನ ಮೇಲೆ ಬಡೀಬೇಕಿತ್ತು."

"ಬಡಿದೆ. ಅಷ್ಟರಲ್ಲಿ ಸೋಪು ಬಂತು" ಎಂದು ನಾಲಿಗೆ ಕಚ್ಚಿಕೊಂಡ.

ನರ್ಸಮ್ಮ ತಲೆ ಚಚ್ಚಿಕೊಂಡರು. "ಸೋಪಿನ ನೀರು ಕುಡಿಸಿ ವಾಂತಿ ಮಾಡ್ಸೋಕೆ ಹೋದ್ರಾ? ಅದು ದೊಡ್ಡ ತಪ್ಪು. ಯಾವ ಆಸ್ಪತ್ರೆಗೆ ಸೇರಿಸಿದ್ರು?"

"ಅದು ನಾಳೆ ಗೊತ್ತಾಗುತ್ತೆ."

"ಮನೆ ಎಲ್ಲಿ?" ದಫೇದಾರರು.

"ದೊಡ್ಡ ಮನೆ ಸಾರ್. ಒಳಗೆ ಎರಡು ಕಡೆಯಿಂದ ಮೆಟ್ಟಿಲು ಇಳಿಯುತ್ತೆ. ಹೊರಗಿನಿಂದ ನಾನು ಯಾವತ್ತೂ ನೋಡಿಲ್ಲ."

ಒಳಗಿನಿಂದ ಮಾತ್ರ ನೋಡಿ ಹೊರಗಿನಿಂದ ನೋಡದ ಮನೆ ಯಾವುದೆಂದು ಯಾರಿಗೂ ಕೇಳಬೇಕೆನಿಸಲಿಲ್ಲ. ರಿಪೇರಿಗೆ ಹೋದ ಮನೆಯಿರಬೇಕು, ಪಾಪ, ಹೆದರಿದ್ದಾನೆ, ದೊಡ್ಡವರ ಹೆಸರು ಬಾಯಿ ಬಿಡುತ್ತಿಲ್ಲ ಎಂದು ಬೇಕರಿಯವರು ಎಲ್ಲರ ಕಿವಿಗೂ ಊದಿದರು. ಪಾಸ್ಟರು ಮೊಣಕಾಲೂರಿದರು. ಆ ಅಪರಿಚಿತ ಸಹೋದರಿಗಾಗಿ ಅವರು ಪ್ರಾರ್ಥಿಸಿದ ರೀತಿಗೆ ಬೇಕರಿಯವರ ಒಲೆಯ ಹತ್ತಿರದ ಕೆಲಸದವರೂ ಬಂದು ಬಾಗಿಲಲ್ಲಿ ನಿಂತು ಅತ್ತರು. ಎದ್ದ ಮೇಲೆ, ಆಕೆ ಏಳುವವರೆಗೂ ನಾನು ಉಪವಾಸ ಎಂದುಬಿಟ್ಟರು.

ಮನೆಗೆ ಬಂದರೆ ಹೆಂಡತಿ ಕತ್ತರಿ ಹಿಡಿದು ನಿಂತಿದ್ದಳು. ಆಸ್ಪತ್ರೆಯಲ್ಲಿ ಮಲಗಿದವಳಿಗೆ ಮೆತ್ತನೆಯ ಒಂದು ನಿಲುವಂಗಿಯಾದರೂ ಹೊಲಿದುಕೊಡಬೇಡವೆ? ಮನೆಯಲ್ಲಿದ್ದ ಬಟ್ಟೆಗಳಲ್ಲಿ ಮೆತ್ತನೆಯದು ಒಂದೇ, ಟೀವಿಯ ಗವಸು. ಅದನ್ನು ಬಿಚ್ಚಿ ಆಗಿತ್ತು. ಟೀವಿ ಬರಿಮೈಯಲ್ಲಿ ಗೋಡೆಗೆ ಮುಖ ಹಾಕಿ ಕೂತಿತ್ತು.

"ಅಳತೆ ಹೇಳಿ. ಎಷ್ಟೆತ್ತರ ಇದ್ದಾಳೆ?"

ಸಾಕ್ಷಿಯಣ್ಣ ಯೋಚನೆಯಿಲ್ಲದೆ ಕೈ ಅಗಲಿಸಿ ತೋರಿಸಿದ. ಒಂದು ಗೇಣು.

ಹೆಂಡತಿ ಆ ಗೇಣನ್ನೇ ನೋಡಿದಳು. ಅವನು ಗಡಬಡಿಸಿ ಕೈಯನ್ನು ತನ್ನ ಭುಜದ ಮಟ್ಟಕ್ಕೆ ಎತ್ತಿದ. "ಮಲಗಿದಾಗ ಅಷ್ಟು ಕಾಣಿಸಿದ್ಲು" ಎಂದ. ಅವಳ ಕಣ್ಣು ತುಂಬಿತು. ಪಾಪ, ಎಷ್ಟು ಇಳಿದುಹೋಗಿದ್ದಾಳೋ ಎಂದು ಬಟ್ಟೆ ಹರಡಿದಳು. ಇದಕ್ಕಿಂತ ಅವಳು ತನ್ನನ್ನು ಬೈದಿದ್ದರೆ ಚೆನ್ನಾಗಿತ್ತು ಎಂದು ಅವನಿಗೆ ಅನಿಸಿತು. ಯಂತ್ರ ಹಾಡಿಲ್ಲದೆ ಕಟಕಟ ಎನ್ನುವುದನ್ನು ಕೇಳುತ್ತ ಗೋಡೆ ಕಡೆ ತಿರುಗಿ ಮಲಗಿದ. ಟೀವಿಯೂ ಹಾಗೇ ಕೂತಿತ್ತು.

ನರ್ಸಮ್ಮ ಕೆಲಸದಲ್ಲಿ ಕಟ್ಟುನಿಟ್ಟು. ಮರುದಿನವೇ ಒಂದೊಂದು ವಾರ್ಡಿಗೂ ಹೋಗಿ, ಹಾಲು ಕುಡಿದು ಬಂದ ಹಿರಿಸೊಸೆ ಇದ್ದಾಳೆಯೇ ಎಂದು ವಿಚಾರಿಸಿದರು. ಸಂಜೆಗೆ ಮಹಿಳೆಯರ ವಾರ್ಡಿಗೆ ಬಂದು ಅದೇ ಪ್ರಶ್ನೆ ಕೇಳಿದಾಗ ಮುರಿದ ಕಾಲಿನ ಒಬ್ಬ ಅಜ್ಜಿ ಬೆರಳು ಎತ್ತಿ ತೋರಿಸಿದಳು. "ಅಗೋ, ಅಲ್ಲಿದ್ದಾಳಲ್ಲಮ್ಮ. ಈಗಷ್ಟೇ ಆಪರೇಷನ್ ಕೋಣೆಗೆ ಒಯ್ದರು." ನರ್ಸಮ್ಮ ತಿರುಗಿ ನೋಡಿದರು. ಗೋಡೆಯ ಮೇಲಿನ ಟೀವಿಯಲ್ಲಿ ಹಿರಿಸೊಸೆ ಮಲಗಿದ್ದಳು.

ನರ್ಸಮ್ಮನ ಮೈಯೆಲ್ಲ ಉರಿಯಿತು. ಈಗಲೇ ಹೋಗಿ ಪಾಸ್ಟರಿಗೆ ಹೇಳಿಬಿಡುತ್ತೇನೆ ಎಂದು ಬಾಗಿಲವರೆಗೆ ನಡೆದರು. ಆದರೆ ತೆರೆಯ ಮೇಲಿನ ಡಾಕ್ಟರು ಕೈಗವಸು ಹಾಕದೆ ಕತ್ತರಿ ಮುಟ್ಟುತ್ತಿದ್ದ. ಅದನ್ನು ಕಂಡ ಮೇಲೆ ವೃತ್ತಿಯ ಗೌರವ ಉಳ್ಳ ಯಾವ ನರ್ಸು ತಾನೆ ಹೊರಗೆ ಹೋದಾಳು? ರೋಗಿ ಉಳಿಯುತ್ತಾಳೋ ಇಲ್ಲವೋ ನೋಡಿಯೇ ಹೋಗೋಣವೆಂದು ಅಜ್ಜಿಯ ಮಂಚದ ತುದಿಯಲ್ಲಿ ಕೂತರು. ಅದನ್ನು ನಾಳೆಗೆ ಮುಂದೂಡಿದರು, ಧಾರಾವಾಹಿಯವರು. ಮರುದಿನವೂ ನರ್ಸಮ್ಮ ಅಲ್ಲೇ ಇದ್ದರು. ಎರಡು ಸಲ ನೋಡಿದ ಮೇಲೆ ಹೋಗಿ ಹೇಳುವುದು ಹೇಗೆ?

ದಫೇದಾರರ ತನಿಖೆ ಬೇರೆ ದಾರಿ ಹಿಡಿದಿತ್ತು. ಎರಡು ಕಡೆ ಮೆಟ್ಟಿಲಿರುವ ಮನೆ ಎಲ್ಲಿದೆ ಎಂದು ಬೀದಿ ಬೀದಿ ಸುತ್ತಿ, ದಣಿದು ಮರಳಿ, ತಮ್ಮ ಪಕ್ಕದ ಮನೆಯ ಕಿಟಕಿಯ ಹತ್ತಿರ ನಿಂತು ಬೆವರೊರೆಸಿಕೊಂಡರು. ಒಳಗೆ ಟೀವಿ ಹಾಕಿತ್ತು. ಎರಡು ಕಡೆಯ ಮೆಟ್ಟಿಲು ಕಾಣಿಸಿತು. ಅದರ ಮೇಲೆ ಒಬ್ಬಳು ಶೀಶೆ ಹಿಡಿದು ನಗುತ್ತಿದ್ದಳು. ಸುಳ್ಳು ದೂರು ಕೊಟ್ಟ ಸಾಕ್ಷಿಯಣ್ಣನ ಕತ್ತಿನಪಟ್ಟಿ ಹಿಡಿಯಬೇಕೆಂದು ಅವರ ಕೈ ತುರಿಸಿತು. ಆದರೆ ಪೂರ್ತಿ ಪುರಾವೆಯಿಲ್ಲದೆ ಕೈ ಹಾಕುವುದು ಅವರ ಪದ್ಧತಿಯಲ್ಲ. ಪುರಾವೆಗಾಗಿ ದಿನಾ ಸಂಜೆ ಬೇಲಿಯ ಪಕ್ಕ ನಿಂತರು. ಗಾಜು ಮುಚ್ಚಿದ್ದರಿಂದ ಮಾತು ಕೇಳಿಸುತ್ತಿರಲಿಲ್ಲ. ಅಂಗಡಿಗೆ ಹೋಗಿ, "ನನ್ನ ಟೀವಿ ಕೊಡಯ್ಯ, ವಾರ್ತೆ ನೋಡ್ಬೇಕು" ಎಂದು ಮೇಜು ಗುದ್ದಿದರು.

"ಕೊಡೋ ಸ್ಥಿತಿಯಲ್ಲಿಲ್ಲ ಸಾರ್" ಎಂದ ಸಾಕ್ಷಿಯಣ್ಣ, ಟೀವಿಯನ್ನು ತಬ್ಬಿಕೊಂಡು.

ಬೇಕರಿಯವರಿಗೆ ಹೇಗೆ ಗೊತ್ತಾಯಿತೋ ನನಗೆ ಗೊತ್ತಿಲ್ಲ. ಅವರಿಗೆ ಎಲ್ಲವೂ ಗೊತ್ತಾಗುತ್ತದೆ.

ಮುಂದಿನ ಬುಧವಾರ ಕೂಟ ಪಾಸ್ಟರ ಮನೆಯ ಮುಂಗೋಣೆಯಲ್ಲಿ. ಪಾಸ್ಟರು ಮೊದಲೇ ತೆಳ್ಳಗಿದ್ದವರು ಈಗ ನೀರು ಮಾತ್ರ ಕುಡಿದು ಕುರ್ಚಿಯ ಕೈ ಹಿಡಿದೇ ಏಳುತ್ತಿದ್ದರು. ಹೇಗಾದರೂ ಇದಕ್ಕೊಂದು ಮಂಗಳ ಹಾಡಬೇಕು, ಹಿರಿಸೊಸೆ ಎದ್ದು ಕೂತಳು, ಸ್ತೋತ್ರ, ಆಮೆನ್ ಎಂದುಬಿಡಬೇಕು ಎಂದು ಸಾಕ್ಷಿಯಣ್ಣ ಬಂದಿದ್ದ. ಹೆಂಡತಿ ನಿಲುವಂಗಿಯನ್ನು ಮಡಿಸಿ ಕೈಚೀಲದಲ್ಲಿ ತಂದಿದ್ದಳು. ಆದರೆ ಅವನು ಬಾಯಿ ತೆರೆಯುವ ಮುಂಚೆ ಎಲ್ಲರೂ ಕಣ್ಣು ಮುಚ್ಚಿ ಆಗಿತ್ತು.

ನರ್ಸಮ್ಮ ಆರಂಭಿಸಿದರು. "ಕರ್ತನೇ, ಆ ಸಹೋದರಿಯ ಜೀವ ಉಳಿಸಿದ್ದಕ್ಕೆ ಸ್ತೋತ್ರ. ಆದ್ರೆ ಅವಳ ನೆನಪು ಹೋಗಿದೆಯಲ್ಲ, ಗಂಡನನ್ನೇ ಯಾರು ಅಂತ ಕೇಳ್ತಿದ್ದಾಳಲ್ಲ, ಅವಳ ನೆನಪನ್ನ ಮರಳಿ ಕೊಡು."

ಸಾಕ್ಷಿಯಣ್ಣ ಒಂದು ಕಣ್ಣು ಬಿಟ್ಟ. ನೆನಪು ಹೋದದ್ದು ನಿನ್ನೆ ಸಂಜೆ. ಅದನ್ನು ಅವನು ಯಾರಿಗೂ ಹೇಳಿರಲಿಲ್ಲ.

ದಫೇದಾರರು ಗಂಟಲು ಸರಿಮಾಡಿಕೊಂಡರು. "ಸ್ವಾಮಿ, ಆ ಹಸಿರು ಕನ್ನಡಕದ ವಕೀಲ ಇದ್ದಾನಲ್ಲ, ನಾದಿನಿ ಹತ್ತಿರ ಗುಸುಗುಸು ಮಾತಾಡ್ತಾನೆ, ಏನಂತ ನನಗೆ ಕೇಳಿಸಲ್ಲ, ನಿನಗೆ ಕೇಳಿಸುತ್ತೆ. ಅವನ ಕುತಂತ್ರ ಮುರಿ."

ಈಗ ನರ್ಸಮ್ಮನೂ ಒಂದು ಕಣ್ಣು ಬಿಟ್ಟರು. ಬೇಕರಿಯವರು ಭಕ್ತಿಯಿಂದ ತಲೆಯಾಡಿಸುತ್ತ, "ತಂದೆಯೇ, ಆ ಮಗು ಯಾರದು ಅನ್ನೋದನ್ನ ಬೆಳಕಿಗೆ ತಾ" ಎಂದರು.

"ಅದು ಶುಕ್ರವಾರವೇ ಬೆಳಕಿಗೆ ಬಂತಲ್ಲ" ಎಂದಿತು ಹಿಂದಿನ ಸಾಲಿನಿಂದ ಒಂದು ದನಿ, ಕಣ್ಣು ಮುಚ್ಚಿಕೊಂಡೇ.

"ಹೌದಾ? ನಾನು ಶುಕ್ರವಾರ ಒಲೆ ಹತ್ತಿರ ಇದ್ದೆ" ಎಂದರು ಬೇಕರಿಯವರು.

ಕೋಣೆಯ ಕಣ್ಣುಗಳೆಲ್ಲ ಒಂದೊಂದಾಗಿ ತೆರೆದವು. ಪ್ರತಿಯೊಬ್ಬರೂ ಪಕ್ಕದವರನ್ನು ನೋಡಿ, ಅವರು ತಮ್ಮನ್ನೇ ನೋಡುತ್ತಿರುವುದನ್ನು ಕಂಡು, ಮತ್ತೆ ಮುಚ್ಚಿಕೊಂಡರು. ಕೊನೆಗೆ ಕಣ್ಣು ಬಿಟ್ಟವರು ಪಾಸ್ಟರು.

"ವಕೀಲ ಯಾರು? ಮಗು ಯಾವುದು?" ಎಂದರು ಮಗುವಿನ ಹಾಗೆಯೇ. "ನಿಮಗೆಲ್ಲ ಇಷ್ಟೊಂದು ಗೊತ್ತು, ನನಗೆ ಯಾರೂ ಹೇಳಲೇ ಇಲ್ವಲ್ಲ. ಆಕೆ ಎಲ್ಲಿದ್ದಾಳೆ?"

ಎಲ್ಲರೂ ಸಾಕ್ಷಿಯಣ್ಣನನ್ನು ನೋಡಿದರು. ಅವನು ಕುರ್ಚಿಗೆ ಆತುಕೊಂಡಿದ್ದ ಪಾಸ್ಟರ ಸಣಕಲು ಕೈ ನೋಡಿದ. ಆ ಕೈಯ ಎದುರು ಅವನ ಉಪಾಯಗಳೆಲ್ಲ ಕರಗಿಹೋದವು.

"ಆಕೆ ನಮ್ಮ ಅಂಗಡೀಲಿದ್ದಾಳೆ" ಎಂದ.

"ಅಂಗಡೀಲಿ ಎಲ್ಲಿ?"

"ದಫೇದಾರರ ಟೀವಿಯೊಳಗೆ."

ದಫೇದಾರರು ಧಿಗ್ಗನೆ ಎದ್ದರು. "ಅವಳನ್ನ ನನ್ನ ಟೀವಿಯೊಳಗೆ ಇಟ್ಕೊಂಡು, ನನ್ನನ್ನ ಪಕ್ಕದ ಮನೆ ಕಿಟಕಿ ಹತ್ತಿರ ನಿಲ್ಲಿಸಿದ್ಯಾ?" ಎಂದು ಗುಡುಗಿ, ತಾವು ಹೇಳಿದ್ದನ್ನು ತಾವೇ ಕೇಳಿಸಿಕೊಂಡು, ನಿಧಾನವಾಗಿ ಕೂತರು. ಆಮೇಲೆ ಸಣ್ಣ ದನಿಯಲ್ಲಿ, "ನನಗೂ ಅವಳಿಗೂ ನಡುವೆ ಎರಡು ಗಾಜಿತ್ತು, ಪಾಸ್ಟರೇ" ಎಂದರು, ಅದರಿಂದ ಶಿಕ್ಷೆ ಅರ್ಧವಾಗುವುದೇನೋ ಎಂಬಂತೆ.

ನರ್ಸಮ್ಮ, ನಾನು ಕರ್ತವ್ಯದ ಮೇಲಿದ್ದೆ ಎಂದರು. ಬೇಕರಿಯವರು, ನಾನು ಶುಕ್ರವಾರ ನೋಡಲಿಲ್ಲವಲ್ಲ ಎಂದರು. ಈ ಗದ್ದಲದ ನಡುವೆ ಸಾಕ್ಷಿಯಣ್ಣನ ಹೆಂಡತಿ ಮಾತ್ರ ಅಲ್ಲಾಡದೆ ಕೂತಿದ್ದಳು.

"ಆವತ್ತು ಸಭೆಯಲ್ಲಿ ಎದ್ದು ನಿಂತದ್ದು?" ಎಂದು ಕೇಳಿದಳು.

"ಕಾಲು ಜೋಮು ಹಿಡಿದಿತ್ತು."

"ಏನು ಹಿಡಿದಿತ್ತು?"

"ಜೋಮು. ಬಲಗಾಲು."

ಅವಳು ಅವನ ಬಲಗಾಲನ್ನು ಒಮ್ಮೆ ನೋಡಿದಳು. "ನಿಮ್ಮ ಬಲಗಾಲು ಜೋಮು ಹಿಡೀತು ಅಂತ ನಾನು ಹಾಡು ಬಿಟ್ನಾ?" ಎಂದಳು. ನಿಲುವಂಗಿಯನ್ನು ಚೀಲದಿಂದ ತೆಗೆದು ನರ್ಸಮ್ಮನ ಮಡಿಲಿಗೆ ಹಾಕಿದಳು. "ಇದು ನಿಜವಾಗಿ ಮಲಗಿರೋರು ಯಾರಿಗಾದ್ರೂ ಕೊಡಿ" ಎಂದು ಹೊರಟುಹೋದಳು.

ಕೋಣೆಯಲ್ಲಿ ಯಾರಿಗೂ ನಗುವ ಧೈರ್ಯವಾಗಲಿಲ್ಲ. ಈಗ ಪಾಸ್ಟರು ಸಭೆಯಿಂದ ಹೊರಗೆ ಹಾಕುತ್ತಾರೆ ಎಂದು ದಫೇದಾರರು ಚಪ್ಪಲಿಗಾಗಿ ಕಣ್ಣಲ್ಲೇ ಹುಡುಕಿದರು.

"ಬದುಕಿದ್ಲಾ?" ಎಂದು ಕೇಳಿದರು ಪಾಸ್ಟರು.

"ಬದುಕಿದ್ಲು" ಎಂದ ಸಾಕ್ಷಿಯಣ್ಣ.

"ಸ್ತೋತ್ರ. ನೆನಪು?"

"ಇನ್ನೂ ಬಂದಿಲ್ಲ."

"ಅಯ್ಯೋ" ಎಂದರು ಪಾಸ್ಟರು, ಮನಸಾರೆ. ಆಮೇಲೆ ತಮ್ಮ ಮಾತಿಗೆ ತಾವೇ ಬೆಚ್ಚಿ, ಮೆಲ್ಲಗೆ ನಗತೊಡಗಿದರು. ಉಪವಾಸದ ಹೊಟ್ಟೆಗೆ ನಗು ತಡೆಯಲಾಗದೆ ಕುರ್ಚಿಯ ಕೈ ಹಿಡಿದರು. "ಬೈಬಲಿನ ಕಥೇಲಿ ಕಳೆದುಹೋದ ಒಂದು ಕುರಿ ವಿಷಯ ನಾನು ಎಷ್ಟು ವರ್ಷದಿಂದ ಹೇಳ್ಕೊಂಡು ಅತ್ತಿದ್ದೀನಿ. ಅದು ಯಾರ ಮನೆ ಕುರಿ, ಅದಕ್ಕೆ ಬಾಲ ಇತ್ತಾ, ಯಾರೂ ಕೇಳಿಲ್ಲ. ಇಲ್ಲದ ಹೆಂಗಸಿಗೆ ನೀವು ಅತ್ತದ್ದು ಪಾಪ ಅಂತ ಯಾವ ಬಾಯಲ್ಲಿ ಹೇಳ್ಲಿ? ಕೆಟ್ಟದ್ದನ್ನ ನೋಡಿ ಖುಷಿಪಟ್ಟಿದ್ರೆ ಹೇಳ್ತಿದ್ದೆ. ನೀವು ಅವಳಿಗೆ ವಿಷ ಹಾಕಿದ್ರು ಅಂತ ಊಟ ಬಿಟ್ಟೋರು."

"ಊಟ ಬಿಟ್ಟೋರು ನೀವೊಬ್ರೇ ಪಾಸ್ಟರೇ" ಎಂದರು ನರ್ಸಮ್ಮ, ನೆಲ ನೋಡುತ್ತ. ಬೇಕರಿಯವರು ಸದ್ದಿಲ್ಲದೆ ಎದ್ದು ಹೋಗಿ ಬ್ರೆಡ್ಡು ತಂದರು.

ಒಂದು ತುಂಡು ನೀರಲ್ಲಿ ಅದ್ದಿ ತಿಂದ ಮೇಲೆ ಪಾಸ್ಟರು ಸಾಕ್ಷಿಯಣ್ಣನ ಹೆಗಲ ಮೇಲೆ ಕೈಯಿಟ್ಟರು. "ನೀನು ನೋಡಿದ್ದಕ್ಕೆ ನನ್ನ ತಕರಾರಿಲ್ಲ. ನೋಡಲ್ಲ ಅಂದ್ಯಲ್ಲ, ಅದನ್ನ ನಂಬಿ ಒಬ್ಬಳು ಬಾಯಿ ಮುಚ್ಚಿದ್ಲು. ನಾನು ಕ್ಷಮಿಸಿದ್ರೆ ಆಗಲ್ಲ, ಅವಳ ಹತ್ತಿರ ಹೋಗು. ಮುಂದಿನ ಬುಧವಾರ ಕೂಟ ನಿಮ್ಮ ಮನೇಲಿ. ಸ್ವಲ್ಪ ಬೇಗ ಶುರು ಮಾಡೋಣ." ಆಮೇಲೆ ಸಂಕೋಚದಿಂದ, "ಅದು ಎಷ್ಟು ಹೊತ್ತಿಗೆ ಬರುತ್ತೆ?" ಎಂದು ಕೇಳಿದರು.

ಆ ವಾರ ಸಾಕ್ಷಿಯಣ್ಣ ಪಟ್ಟ ಪಾಡು ದೇವರಿಗೇ ಪ್ರೀತಿ. ದಫೇದಾರರ ಟೀವಿಯನ್ನು ತಾನೇ ಹೊತ್ತು ತಲುಪಿಸಿದ. ಹೆಂಡತಿಯ ಮುಂದೆ ಕೂತು ತಪ್ಪಾಯ್ತು ಎಂದ. ಅವಳು ಸರಿ ಎಂದಳು. ಆ ಸರಿಯಲ್ಲಿ ಏನೂ ಸರಿಯಾಗಿರಲಿಲ್ಲ. ಅವಳು ಜಗಳವಾಡಲಿಲ್ಲ, ಊಟಕ್ಕೆ ಕರೆಯುವುದನ್ನು ಬಿಡಲಿಲ್ಲ, ಹಾಡಲೂ ಇಲ್ಲ. ಈಗ ಬಿಡಲು ಕಾರಣವೇ ಇಲ್ಲವಲ್ಲ ಎಂದು ಅವನು ವಾದಿಸಿ ನೋಡಿದ. "ಬಿಡೋದು ಸುಲಭ ಇತ್ತು. ಮತ್ತೆ ಬರ್ತಿಲ್ಲ" ಎಂದಳು. ಅದು ಕೋಪದ ಮಾತಾಗಿರಲಿಲ್ಲ, ಆದ್ದರಿಂದ ಅವನಿಗೆ ಇನ್ನೂ ಭಯವಾಯಿತು. ಹೊಲಿಗೆ ಯಂತ್ರದ ಒಂದೊಂದು ತೂತಿಗೂ ಎಣ್ಣೆ ಬಿಟ್ಟ. ಎಣ್ಣೆ ಬಿಡುತ್ತ ಅವಳ ಇಷ್ಟದ ಹಾಡನ್ನು ತಾನೇ ಗುನುಗಿದ. ಬೀದಿಯಲ್ಲಿ ಹೋಗುತ್ತಿದ್ದವರು ಯಾರಿಗೋ ಹಲ್ಲುನೋವು ಎಂದುಕೊಂಡರು.

"ಆ ರಾಗ ಹಾಗಲ್ಲ" ಎಂದಳು ಅವಳು ಒಳಗಿನಿಂದ.

"ಮ‌ತ್ತೆ ಹೇಗೆ?" ಎಂದು ಆಸೆಯಿಂದ ಕೇಳಿದ. ಒಳಗೆ ಪಾತ್ರೆ ತೊಳೆಯುವ ಸದ್ದು ಶುರುವಾಯಿತು.

ಬುಧವಾರ ಇಡೀ ಕೂಟ ಅವರ ಸಣ್ಣ ಮನೆಯಲ್ಲಿ ಒತ್ತೊತ್ತಾಗಿ ಕೂತಿತು. ಟೀವಿಯನ್ನು ಗೋಡೆಯಿಂದ ಈಚೆಗೆ ತಿರುಗಿಸಿದ್ದರು. ಹೆಂಡತಿ ಒದ್ದೆ ಬಟ್ಟೆಯಲ್ಲಿ ಗಾಜಿನ ಧೂಳನ್ನು ಒರೆಸಿ, ಜಾಗ ಕಾಣದೆ, ಗಂಡನ ಪಕ್ಕದಲ್ಲೇ ಕೂರಬೇಕಾಯಿತು. ಅವನು ಕಾಲು ಮಡಿಸಿ ಮುದುಡಿಕೊಂಡು ಜಾಗ ಬಿಟ್ಟ. ದಫೇದಾರರು ತಮ್ಮ ಮನೆಯಲ್ಲಿ ಟೀವಿಯಿದ್ದರೂ ಬಂದಿದ್ದರು. ಒಬ್ಬರೇ ನೋಡಿದರೆ ಭಯವಾಗುತ್ತದಂತೆ.

ಪಾಸ್ಟರು ಕಣ್ಣು ಮುಚ್ಚಿದರು. ಹಿರಿಸೊಸೆಯ ನೆನಪಿಗಾಗಿ ಪ್ರಾರ್ಥಿಸಿದರು. ಎಲ್ಲರೂ ಜೋರಾಗಿ ಆಮೆನ್ ಎಂದರು. ಮಗುವಿಗಾಗಿ ಪ್ರಾರ್ಥಿಸಿದರು, ಇನ್ನೂ ಜೋರು. ಆಮೇಲೆ ಅದೇ ಮೆಲುದನಿಯಲ್ಲಿ, "ಕರ್ತನೇ, ಆ ನಾದಿನಿಯನ್ನೂ ನಿನ್ನ ಕೃಪೆಯಲ್ಲಿ ನೆನೆಸಿಕೋ" ಎಂದರು.

ಆಮೆನ್ ಬರಲಿಲ್ಲ. ಪಾಸ್ಟರು ಕಾದರು.

"ಅವಳಿಗಾ?" ಎಂದರು ದಫೇದಾರರು. "ಶೀಶೆ ಇನ್ನೂ ಅವಳ ಹತ್ತಿರವೇ ಇದೆ ಪಾಸ್ಟರೇ. ಅವಳನ್ನ ಒಳಗೆ ಹಾಕ್ಬೇಕು."

"ಹಾಕ್ಲಿ. ಅಲ್ಲಿಗೂ ಕೃಪೆ ಹೋಗುತ್ತೆ."

"ಅವಳು ಒಂದು ತೊಟ್ಟು ಕಣ್ಣೀರು ಹಾಕಿಲ್ಲ" ಎಂದರು ನರ್ಸಮ್ಮ. "ಅವಳಿಗೆ ಯಾವ ಯೋಗ್ಯತೆ ಇದೆ ಅಂತ?"

"ಯೋಗ್ಯತೆ ಇದ್ದಿದ್ರೆ ಕೃಪೆ ಯಾಕೆ ಕೇಳ್ಬೇಕಿತ್ತು?" ಎಂದರು ಪಾಸ್ಟರು. "ಸಂಬಳ ಕೇಳ್ತಿದ್ದೆ."

ಇಲ್ಲದ ಹೆಂಗಸಿಗಾಗಿ ಅಳಬಲ್ಲ ಜನಕ್ಕೆ ಇಲ್ಲದ ಹೆಂಗಸೊಬ್ಬಳನ್ನು ಕ್ಷಮಿಸುವುದು ಇಷ್ಟು ಕಷ್ಟವಾದೀತೆಂದು ಯಾರೂ ಎಣಿಸಿರಲಿಲ್ಲ. ಬೇಕರಿಯವರು ಛಾವಣಿ ನೋಡಿದರು. ದಫೇದಾರರು ಮೀಸೆ ಕಚ್ಚಿಕೊಂಡರು. ಸಾಕ್ಷಿಯಣ್ಣ ಆಮೆನ್ ಅನ್ನಬೇಕೆಂದುಕೊಂಡ, ಆದರೆ ಅನ್ನಲು ತನಗೆ ಯಾವ ಮುಖವಿದೆ ಎಂದು ತಲೆ ತಗ್ಗಿಸಿದ. ಅದೇ ಹೊತ್ತಿಗೆ ಮಡಿಸಿದ್ದ ಅವನ ಬಲಗಾಲು ಸದ್ದಿಲ್ಲದೆ ಜೋಮು ಹಿಡಿಯಿತು. ಎದ್ದು ಝಾಡಿಸಿಕೊಂಡರೆ ಸಾಕಿತ್ತು. ಈ ಜನ್ಮದಲ್ಲಿ ಪ್ರಾರ್ಥನೆಯ ನಡುವೆ ತಾನು ಎದ್ದು ನಿಲ್ಲುವುದಿಲ್ಲ ಎಂದು ಹಲ್ಲು ಕಚ್ಚಿ ಕೂತ. ಹಣೆಯ ಮೇಲೆ ಬೆವರು ಮೂಡಿತು.

ಹೆಂಡತಿ ಅದನ್ನು ನೋಡಿದಳು. ಅವನ ಮುಖ ನೋಡಿದಳು, ಕಾಲು ನೋಡಿದಳು, ಎಲ್ಲ ಅರ್ಥವಾಯಿತು. ಅವಳ ತುಟಿ ಮೊದಲು ಬಿಗಿಯಾಯಿತು, ಆಮೇಲೆ ಒಳಗಿನ ನಗುವಿಗೆ ಅದುರಿತು.

"ಆಮೆನ್" ಎಂದಳು.

ಅವಳ ಹಿಂದೆ ಒಬ್ಬೊಬ್ಬರಾಗಿ, ಔಷಧಿ ನುಂಗುವವರ ಹಾಗೆ, ಎಲ್ಲರೂ ಅಂದರು. ದಫೇದಾರರು ಕೊನೆಯವರು. ಯಾರೋ ಟೀವಿಯ ಗುಂಡಿ ಒತ್ತಿದರು. ಗಾಜಿನ ಹಿಂದೆ ಬಣ್ಣ ಬಂತು, ಎರಡು ಕಡೆಯ ಮೆಟ್ಟಿಲು ಬಂತು, ಧಾರಾವಾಹಿಯ ಶೀರ್ಷಿಕೆ ಗೀತೆ ಶುರುವಾಯಿತು. ಪಾಸ್ಟರು ಬಾಯಿ ತೆರೆದು ಮುಂದಕ್ಕೆ ಬಾಗಿದರು.

ಸಾಕ್ಷಿಯಣ್ಣ ಹಿರಿಸೊಸೆಯನ್ನು ನೋಡಲಿಲ್ಲ. ಅವನ ಕಿವಿಯ ಪಕ್ಕದಲ್ಲೇ, ತುಟಿ ತೆರೆಯದೆ, ಒಂದು ಗುನುಗು ಆ ಗೀತೆಯ ಜೊತೆ ಸೇರಿಕೊಂಡಿತ್ತು. ಮೊದಲು ಅಳುಕಿತು, ಆಮೇಲೆ ದಾರಿ ಸಿಕ್ಕಿತು. ಹೆಂಡತಿ ಟೀವಿಯಿಂದ ಕಣ್ಣು ಕೀಳದೆ ಕೈ ಚಾಚಿ, ಆ ತಾಳಕ್ಕೆ ಸರಿಯಾಗಿ, ಅವನ ಬಲಗಾಲಿನ ಮೀನಖಂಡವನ್ನು ತಿಕ್ಕತೊಡಗಿದಳು. ಜೋಮು ಬಿಡುವ ಕಾಲು ಸಾವಿರ ಸೂಜಿ ಚುಚ್ಚಿದ ಹಾಗೆ ಚುರುಗುಟ್ಟಿತು. ಅವನು ಉಸಿರೆತ್ತದೆ ಕೂತ. ಎಲ್ಲಿ ಅಲ್ಲಾಡಿದರೆ ಅವಳು ಹಾಡು ನಿಲ್ಲಿಸಿಬಿಡುತ್ತಾಳೋ ಎಂದು.